ಟೂರಿಂಗ್ ಬೈಕಿಗೆ ಲಿಫ್ಟ್ ಅಡಾಪ್ಟರ್, ಜೊತೆಗೆ ಇನ್ನೆರಡು ಹಾರ್ನ್: ಭಾರ ಎಲ್ಲಿ ಕೂರಬೇಕು, ಕರೆಂಟು ಎಲ್ಲಿ ಹರಿಯಬೇಕು?

ಪ್ರಶ್ನೆ: ನನ್ನ ಹತ್ತಿರ ಹೋಂಡಾ ಗೋಲ್ಡ್‌ವಿಂಗ್ ಜಿಎಲ್ 1800 ಇದೆ. ಚಕ್ರ ಬಿಚ್ಚುವಂಥ ಕೆಲಸಗಳನ್ನು ಮನೆಯಲ್ಲೇ ಮಾಡಿಕೊಳ್ಳೋಣ ಅಂತ ಹೈಡ್ರಾಲಿಕ್ ಬೈಕ್ ಲಿಫ್ಟ್ ತಂದೆ. ಕೆಳಗೆ ತೂರಿಸಿ ನೋಡಿದರೆ ಅದರ ಎರಡು ತೋಳುಗಳು ಎಂಜಿನ್ನಿಗೂ ಸೈಲೆನ್ಸರ್ ಪೈಪಿಗೂ ತಾಗುತ್ತಿವೆ. ನಡುವೆ ಮರದ ಹಲಗೆ ಇಟ್ಟರೆ ಸಾಕಾ, ಲಿಫ್ಟ್ ಅಡಾಪ್ಟರ್ ಬೇಕೇ ಬೇಕಾ? ಇನ್ನೊಂದು ವಿಷಯ. ಹೋದ ಸಲದ ಪ್ರವಾಸದಲ್ಲಿ ಒಂದು ಲಾರಿ ನನ್ನ ಲೇನಿಗೇ ವಾಲಿಕೊಂಡು ಬಂತು. ನಾನು ಹಾರ್ನ್ ಹೊಡೆದದ್ದು ಡ್ರೈವರಿಗೆ ಕೇಳಿಸಲೇ ಇಲ್ಲ. ಇನ್ನೆರಡು ಹಾರ್ನ್ ಹಾಕಬೇಕು ಅಂತಿದ್ದೇನೆ. ಹಳೆ ಹಾರ್ನಿನ ವೈರಿಗೇ ಜೋಡಿಸಬಹುದಾ? ಅದಕ್ಕೆ ಬೇರೆ ಬಟನ್ ಹಾಕಿಸಬೇಕಾ?

ಉತ್ತರ: ಲಾರಿಯ ವಿಷಯ ಓದಿ ಎದೆ ಧಸಕ್ ಅಂತು. ನಿಮಗೇನೂ ಆಗಲಿಲ್ಲವಲ್ಲ, ಸದ್ಯ. ಹಾರ್ನ್ ಹಾಕುವ ನಿರ್ಧಾರ ಸರಿಯಾಗಿದೆ. ಅಡಾಪ್ಟರ್ ಬಗ್ಗೆಯೂ ನಿಮ್ಮ ಅನುಮಾನ ಸರಿಯಾಗಿದೆ. ಹಲಗೆ ಸಾಲದು, ಲಿಫ್ಟಿನ ತೋಳಿಗೂ ಬೈಕಿನ ಫ್ರೇಮಿಗೂ ನಡುವೆ ಕೂತು ಭಾರ ದಾಟಿಸುವ ಅಡಾಪ್ಟರ್ ಬೇಕು.

ನೀವು ಕೇಳಿರುವುದು ಎರಡು ಬೇರೆ ಕೆಲಸ. ಆದರೆ ಎರಡರಲ್ಲೂ ತಪ್ಪಾಗುವ ರೀತಿ ಒಂದೇ. ಗೋಲ್ಡ್‌ವಿಂಗಿನ ತೂಕ ಸುಮಾರು 400 ಕೆಜಿ. ಆ ಭಾರ ಹೊರಲು ಫ್ರೇಮ್ ಇದೆ. ಎಂಜಿನ್ ಕೆಳಗಿನ ಚೇಂಬರ್ ಇರುವುದು ಆಯಿಲ್ ಹಿಡಿದಿಡಲು. ಹಾಗೇ ಹಾರ್ನಿನ 20 ಆಂಪಿಯರ್‌ವರೆಗಿನ ಕರೆಂಟು ಕೊಡಲು ಬ್ಯಾಟರಿ ಇದೆ. ಹ್ಯಾಂಡಲ್ ಮೇಲಿನ ಸಣ್ಣ ಬಟನ್ ಇರುವುದು ಹೆಬ್ಬೆರಳಿನ ಮಾತನ್ನು ಮುಟ್ಟಿಸಲು ಮಾತ್ರ. ಚೇಂಬರ್ ಮೇಲೆ ಭಾರ ಹೇರಿದರೆ ಅದು ಬಿರುಕು ಬಿಡುತ್ತದೆ. ಬಟನ್ ಮೂಲಕ ಅಷ್ಟು ಕರೆಂಟು ಹರಿಸಿದರೆ ಅದು ಸುಟ್ಟುಹೋಗುತ್ತದೆ. ಮುಂದೆ ಹೇಳುವುದೆಲ್ಲ ಇದರ ವಿವರವೇ.

ಮೊದಲು ಹಲಗೆಯ ವಿಷಯ. ಇದನ್ನು ನಾನೇ ಮಾಡಿ ನೋಡಿದ್ದೇನೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಬಹಳ ವರ್ಷದ ಹಿಂದೆ ಒಂದು ಭಾರಿ ಟೂರಿಂಗ್ ಬೈಕನ್ನು ದಪ್ಪ ಹಲಗೆ ಇಟ್ಟು ಎತ್ತಿದೆ. ಆರಾಮಾಗಿ ಮೇಲೆ ಬಂತು, ಕೆಲಸವೂ ಮುಗಿಯಿತು. ಇಳಿಸಿದ ಮೇಲೆ ಹಲಗೆ ತೆಗೆದು ನೋಡಿದರೆ ನಡುವೆ ಆರು ಮೂಲೆಯ ಒಂದು ಗುಳಿ. ಆಯಿಲ್ ಡ್ರೇನ್ ಬೋಲ್ಟಿನ ತಲೆ ಮರದೊಳಗೆ ಅಚ್ಚೊತ್ತಿದಂತೆ ಇಳಿದಿತ್ತು. ಅಂದರೆ ಬೈಕಿನ ಭಾರದಲ್ಲಿ ದೊಡ್ಡ ಪಾಲು ನಿಂತಿದ್ದು ಆ ಒಂದು ಬೋಲ್ಟಿನ ಮೇಲೆ, ಅದು ಕೂತಿರುವ ತೆಳು ಅಲ್ಯೂಮಿನಿಯಂ ಗೋಡೆಯ ಮೇಲೆ. ಅವತ್ತು ಏನೂ ಒಡೆಯಲಿಲ್ಲ. ಒಡೆದಿದ್ದರೆ ಇಡೀ ಎಂಜಿನ್ ಇಳಿಸಬೇಕಾಗುತ್ತಿತ್ತು. ಆ ಹಲಗೆಯನ್ನು ಮತ್ತೆ ಮುಟ್ಟಲಿಲ್ಲ.

ನಿಮ್ಮ ಬೈಕಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಅದು ಆರು ಸಿಲಿಂಡರಿನ ಫ್ಲಾಟ್ ಎಂಜಿನ್, ಸುಮಾರು 1830 ಸಿಸಿ. ಸಿಲಿಂಡರುಗಳು ಆಚೆ ಮೂರು ಈಚೆ ಮೂರು ಮಲಗಿವೆ. ತೂಕ ಕೆಳಗೇ ಇರಲಿ ಅಂತ ಎಂಜಿನ್ನನ್ನು ತಗ್ಗಿನಲ್ಲಿ ಕೂರಿಸಿದ್ದಾರೆ. ಓಡಿಸುವಾಗ ಬೈಕು ಹಗುರ ಅನ್ನಿಸುವುದು ಅದಕ್ಕೇ. ಆದರೆ ಕೆಳಗೆ ಮಲಗಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಎಂಜಿನ್ನಿನ ಹೊಟ್ಟೆ ಮತ್ತು ಪೈಪುಗಳು. ಭಾರ ಹೊರಬಲ್ಲ ಜಾಗಗಳು ಅವುಗಳಿಗಿಂತ ಮೇಲೆ, ಬದಿಗೆ ಸರಿದು ಇವೆ. ಚಪ್ಪಟೆ ತೋಳಿನ ಲಿಫ್ಟ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಆ ಎತ್ತರದ ಅಂತರ ತುಂಬುವುದೇ ಅಡಾಪ್ಟರಿನ ಕೆಲಸ.

ಅಡಾಪ್ಟರಿನಲ್ಲಿ ಎರಡು ಬಗೆ. ಒಂದು ಲಿಫ್ಟಿನ ತೋಳುಗಳ ಮೇಲೆ ಕೂರುವಂಥದ್ದು. ಉಕ್ಕಿನ ಚೌಕಟ್ಟು, ಅದರಿಂದ ಮೇಲೆದ್ದ ಮೂರೋ ನಾಲ್ಕೋ ರಬ್ಬರ್ ಮುಖದ ಕಂಬಗಳು. ಕೆಲಸ ಮುಗಿದ ಮೇಲೆ ಲಿಫ್ಟಿನ ಜೊತೆಗೇ ಹೊರಗೆ ಬರುತ್ತದೆ. ಇನ್ನೊಂದು ಬೈಕಿನ ಅಡಿಗೇ ಬೋಲ್ಟ್ ಹಾಕಿ ಕಾಯಂ ಆಗಿ ಕೂರಿಸುವಂಥದ್ದು. ಇದಿದ್ದರೆ ಯಾರ ಲಿಫ್ಟ್ ಆದರೂ ನಡೆಯುತ್ತದೆ, ದಾರಿಯಲ್ಲಿ ಟೈರ್ ಬಿಚ್ಚಬೇಕಾದರೂ ಅನುಕೂಲ. ಆದರೂ ನಾನು ಮೊದಲನೆಯದನ್ನೇ ಹೇಳುತ್ತೇನೆ. ಜಿಎಲ್ 1800ರ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಸುಮಾರು 125 ಮಿಲಿಮೀಟರ್. ಹಿಂದೆ ಒಬ್ಬರು ಕೂತು, ಎರಡು ಬದಿ ಸಾಮಾನು ತುಂಬಿದಾಗ ಅದು ಇನ್ನೂ ಇಳಿಯುತ್ತದೆ. ಅದರಲ್ಲಿ 15 ಮಿಲಿಮೀಟರನ್ನು ಉಕ್ಕಿನ ಪಟ್ಟಿಗೆ ಬಿಟ್ಟುಕೊಟ್ಟರೆ ಮೊದಲ ರಸ್ತೆಯುಬ್ಬಿನಲ್ಲೇ ಅದು ಕರ್ ಅಂತ ಉಜ್ಜುತ್ತದೆ. ಉಜ್ಜಿದ ಪೆಟ್ಟು ಬೋಲ್ಟ್ ಹಾಕಿದ ಜಾಗಕ್ಕೇ ಹೋಗುತ್ತದೆ. ಕಾಯಂ ಬಗೆಯದ್ದೇ ಬೇಕು ಅಂದರೆ ಮೂರು ಸಂಗತಿ ನೋಡಿ ತೆಗೆದುಕೊಳ್ಳಿ. ಪೈಪಿನ ಅತಿ ತಗ್ಗಿನ ಮಟ್ಟಕ್ಕಿಂತ ಅದು ಕೆಳಗೆ ಇಳಿದಿರಬಾರದು. ಡ್ರೇನ್ ಬೋಲ್ಟ್ ಮತ್ತು ಆಯಿಲ್ ಫಿಲ್ಟರ್ ಬಿಚ್ಚಲು ಅಡ್ಡ ಬರಬಾರದು. ಮಡಚಿದ ಸೆಂಟರ್ ಸ್ಟ್ಯಾಂಡಿಗೆ ತಾಗಬಾರದು.

ಕೂರಿಸುವಾಗ ಅಡಾಪ್ಟರ್ ಜೊತೆ ಬಂದ ಕಾಗದದಲ್ಲಿ ಕೊಟ್ಟಿರುವ ಟಾರ್ಕನ್ನೇ, ಅಂದರೆ ಬಿಗಿಯುವ ಬಲದ ಅಳತೆಯನ್ನೇ ಪಾಲಿಸಿ. ಕೊಟ್ಟಿಲ್ಲದಿದ್ದರೆ, ಉಕ್ಕಿನ ನಟ್ಟಿಗೆ ಬಿಗಿಯುವ 8.8 ದರ್ಜೆಯ ಎಂ8 (8 ಮಿಲಿಮೀಟರ್ ದಪ್ಪದ) ಬೋಲ್ಟಿಗೆ 25 ನ್ಯೂಟನ್ ಮೀಟರ್ ಸುಮಾರು ಸರಿ. ಎಂ6 ಆದರೆ 10 ಸಾಕು. ಬೋಲ್ಟ್ ಅಲ್ಯೂಮಿನಿಯಂ ಒಳಗೆ ಕೊರೆದ ಮರೆಗೇ (ಥ್ರೆಡ್) ಹೋಗುವುದಾದರೆ ಇದಕ್ಕಿಂತ ಕಡಿಮೆಯಲ್ಲೇ ನಿಲ್ಲಿಸಿ. ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕ್, ಒಂದು ಹನಿ ಹಾಕಿ. ಕೆಂಪು ಬೇಡ, ಅದನ್ನು ಬಿಚ್ಚಲು ಕಾಯಿಸಬೇಕಾಗುತ್ತದೆ.

ಈಗ ಎತ್ತುವ ಕೆಲಸ. ಬೈಕು ಸೈಡ್ ಸ್ಟ್ಯಾಂಡ್ ಮೇಲೆ ಎಡಕ್ಕೆ ವಾಲಿ ನಿಂತಿರುತ್ತದೆ ಅಲ್ವಾ? ಹಾಗಾಗಿ ಬಲಬದಿಯಲ್ಲಿ ಕೆಳಗೆ ಜಾಗ ಜಾಸ್ತಿ. ಲಿಫ್ಟನ್ನು ಬಲದಿಂದ ತೂರಿಸಿ. ಸೈಡ್ ಸ್ಟ್ಯಾಂಡಿನ ಪಾದದ ಕೆಳಗೆ ಒಂದು ಗಟ್ಟಿ ಮರದ ತುಂಡು ಇಟ್ಟರೆ ಬೈಕು ಇನ್ನಷ್ಟು ನೆಟ್ಟಗಾಗುತ್ತದೆ, ತೋಳುಗಳು ಸಮನಾಗಿ ಕೂರುತ್ತವೆ. ಹಲಗೆಗೆ ಸರಿಯಾದ ಜಾಗ ಇದು, ಎಂಜಿನ್ನಿನ ಅಡಿಯಲ್ಲ. ಮುಂದಿನ ಬ್ರೇಕ್ ಲಿವರನ್ನು ಹ್ಯಾಂಡಲ್ ಹಿಡಿಗೆ ಬಟ್ಟೆಯಿಂದಲೋ ವೆಲ್ಕ್ರೋ ಪಟ್ಟಿಯಿಂದಲೋ ಬಿಗಿಯಾಗಿ ಕಟ್ಟಿ. ಬೈಕನ್ನು ಗೇರಿನಲ್ಲಿ ಬಿಡಿ. ಬದಿಯ ಪೆಟ್ಟಿಗೆ, ಹಿಂದಿನ ಪೆಟ್ಟಿಗೆ ಎಲ್ಲ ಖಾಲಿ ಮಾಡಿ. ಹಿಂದಿನ ಪೆಟ್ಟಿಗೆಯಲ್ಲಿ ಮರೆತ ಹತ್ತು ಕೆಜಿ ಸಾಮಾನು, ಬೈಕು ನೆಲ ಬಿಟ್ಟ ಮೇಲೆ ಇಡೀ ಸಮತೋಲವನ್ನೇ ಹಿಂದಕ್ಕೆ ಎಳೆಯುತ್ತದೆ.

ಮೊದಲ ಸಲ ಎತ್ತುವಾಗ ಹೀಗೆ ಮಾಡಿ. ಅಡಾಪ್ಟರಿನ ಪ್ರತಿ ಕಂಬದ ರಬ್ಬರ್ ಮುಖಕ್ಕೆ ತೆಳುವಾಗಿ ಗ್ರೀಸ್ ಸವರಿ. ಚೇಂಬರಿನ ಕೆಳಮುಖ, ಪೈಪಿನ ಕೆಳಮುಖ ಒರೆಸಿ ಒಣಗಿಸಿ. ಒಬ್ಬರು ಹ್ಯಾಂಡಲ್ ಹಿಡಿದು ಬೈಕನ್ನು ನೆಟ್ಟಗೆ ನಿಲ್ಲಿಸಿರಲಿ. ಟೈರು ಇನ್ನೂ ನೆಲದಲ್ಲೇ ಇರುವಾಗ, ಸಸ್ಪೆನ್ಷನ್ ಸ್ವಲ್ಪ ಹಗುರಾಗುವಷ್ಟು ಮಾತ್ರ ಪಂಪ್ ಮಾಡಿ. ಮತ್ತೆ ಪೂರ್ತಿ ಇಳಿಸಿ, ಲಿಫ್ಟ್ ಹೊರಗೆಳೆದು, ಟಾರ್ಚ್ ಹಿಡಿದು ಮಲಗಿ ನೋಡಿ. ಗ್ರೀಸಿನ ಗುರುತು ಎಲ್ಲ ಕಂಬಗಳದ್ದೂ ಕಾಣಬೇಕು. ಅದೂ ಭಾರ ಹೊರುವ ಜಾಗದಲ್ಲೇ ಕಾಣಬೇಕು. ಮೂರು ಕಡೆ ದಟ್ಟವಾಗಿದ್ದು ನಾಲ್ಕನೆಯ ಕಡೆ ಏನೂ ಇಲ್ಲ ಅಂದರೆ ಆ ಕಂಬ ಗಾಳಿಯಲ್ಲಿತ್ತು ಅಂತ ಅರ್ಥ. ಕಂಬದ ಎತ್ತರ ಹೊಂದಿಸಿ, ಇಲ್ಲವೇ ಲಿಫ್ಟನ್ನು ಹಿಂದೆ ಮುಂದೆ ಸರಿಸಿ ಮತ್ತೆ ನೋಡಿ. ಪೈಪಿನ ಮೇಲೆ ಗುರುತು ಬಿದ್ದಿದ್ದರೆ ಎತ್ತಲೇಬೇಡಿ. ಇದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ, ಅಷ್ಟು ಹೊತ್ತು ಕೊಡಿ. ಸರಿಯಾದ ಜಾಗ ಸಿಕ್ಕಿದ ಮೇಲೆ ಲಿಫ್ಟಿನ ತೋಳಿನ ಮೇಲೂ ಅಡಾಪ್ಟರಿನ ಮೇಲೂ ಬಿಳಿ ಪೇಂಟಿನಿಂದ ಒಂದು ಗೆರೆ ಎಳೆದುಬಿಡಿ. ಮುಂದಿನ ಸಲ ಹುಡುಕುವ ಕೆಲಸ ಇರುವುದಿಲ್ಲ. ಗ್ರೀಸನ್ನು ಮಾತ್ರ ಚೆನ್ನಾಗಿ ಒರೆಸಿ, ಜಾರುವ ಮುಖದ ಮೇಲೆ ಬೈಕು ನಿಲ್ಲಿಸಬಾರದು.

ಎತ್ತಿದ ಮೇಲೆ ಲಿಫ್ಟಿನ ಲಾಕ್ ಪಿನ್ ಹಾಕಿ, ಭಾರವನ್ನು ಆ ಪಿನ್ ಮೇಲೆ ಕೂರಿಸಿ. ಹೈಡ್ರಾಲಿಕ್ ಇರುವುದು ಎತ್ತಲು. ಎತ್ತಿ ಹಿಡಿದಿರಲು ಅದನ್ನು ನಂಬಬಾರದು, ಒಳಗಿನ ಸೀಲ್ ಸವೆದಿದ್ದರೆ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಬೈಕನ್ನು ಲಿಫ್ಟಿಗೆ ಎರಡೂ ಬದಿಯಿಂದ ಬೆಲ್ಟ್ ಹಾಕಿ ಬಿಗಿಯಿರಿ. ಬೆಲ್ಟ್ ಪ್ಲಾಸ್ಟಿಕ್ ಮೈಯ ಮೇಲೆ ಹಾಯಬಾರದು. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಎತ್ತರ ಸಾಕು. ಇನ್ನೊಂದು ಮುಖ್ಯ ಮಾತು. ಮುಂದಿನ ಚಕ್ರ ಬಿಚ್ಚಿದ ಕೂಡಲೇ ಮುಂದೆ ಹಗುರಾಗಿ ಬೈಕು ಹಿಂದಕ್ಕೆ ವಾಲಲು ನೋಡುತ್ತದೆ. ಹಿಂದಿನದು ಬಿಚ್ಚಿದರೆ ಮುಂದಕ್ಕೆ. ಚಕ್ರದ ಬೋಲ್ಟ್ ಸಡಿಲಿಸುವ ಮೊದಲೇ ಭಾರ ಉಳಿಯುವ ಕಡೆ ಒಂದು ಸ್ಟ್ಯಾಂಡ್ ಕೊಡಿ. ಗಟ್ಟಿಯಾದ ದೊಡ್ಡ ಬೋಲ್ಟುಗಳನ್ನು ಬೈಕು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಟ್ಟುಕೊಳ್ಳಿ. ಮೇಲೆತ್ತಿದ ಬೈಕಿನ ಮೇಲೆ ಉದ್ದ ಪಾನಾ ಹಾಕಿ ಎಳೆಯುವುದು ಅಪಾಯ.

ಇಳಿಸುವಾಗ ಆಗುವ ಅನಾಹುತ ಎತ್ತುವಾಗಿನದಕ್ಕಿಂತ ಜಾಸ್ತಿ. ಕೆಲಸದ ನಡುವೆ ಸೈಡ್ ಸ್ಟ್ಯಾಂಡ್ ಮಡಚಿರುತ್ತೇವೆ, ಆಮೇಲೆ ಮರೆಯುತ್ತೇವೆ. ಲಿಫ್ಟ್ ಇಳಿಯುತ್ತದೆ, ಬೈಕು ಎಡಕ್ಕೆ ವಾಲುತ್ತದೆ, ಅಲ್ಲಿ ಸ್ಟ್ಯಾಂಡ್ ಇರುವುದಿಲ್ಲ. 400 ಕೆಜಿ ವಾಲಲು ಶುರುವಾದರೆ ಒಬ್ಬರ ಕೈಯಲ್ಲಿ ನಿಲ್ಲುವುದಿಲ್ಲ. ನಾನು ಸೈಡ್ ಸ್ಟ್ಯಾಂಡ್ ಮಡಚಿದ ಕ್ಷಣವೇ ಲಿಫ್ಟಿನ ಇಳಿಸುವ ಪೆಡಲಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತೇನೆ. ಬಟ್ಟೆ ಬಿಚ್ಚದೆ ಪೆಡಲ್ ತುಳಿಯಲು ಆಗುವುದಿಲ್ಲ. ಬಿಚ್ಚುವಾಗ ಸ್ಟ್ಯಾಂಡ್ ನೆನಪಾಗುತ್ತದೆ.

ಇನ್ನು ಹಾರ್ನ್. ನಿಮಗೆ ನಿಜವಾಗಿ ಬೇಕಿರುವುದು ಮುಚ್ಚಿದ ಗಾಜಿನೊಳಗೆ ಕೂತ ಡ್ರೈವರಿಗೆ ಕೇಳಿಸುವ ದನಿ. ಬರೀ ಜೋರು ಶಬ್ದ ಅಂದುಕೊಂಡು ಹೊರಟರೆ ತಪ್ಪು ಹಾರ್ನ್ ಕೊಳ್ಳುತ್ತೀರಿ. ಗಾಜು ಮತ್ತು ಬಾಗಿಲು ಕೀರಲು ದನಿಯನ್ನು ಚೆನ್ನಾಗಿ ತಡೆಯುತ್ತವೆ, ದಪ್ಪ ದನಿಯನ್ನು ಅಷ್ಟು ತಡೆಯುವುದಿಲ್ಲ. ಆದರೆ ದಪ್ಪ ದನಿಯೊಂದೇ ಇದ್ದರೆ ಲಾರಿಯ ಎಂಜಿನ್ನಿನ ಗದ್ದಲದಲ್ಲಿ ಕರಗಿಹೋಗುತ್ತದೆ. ಅದಕ್ಕೇ ಕಾರುಗಳಲ್ಲಿ ಜೋಡಿ ಹಾರ್ನ್ ಇಡುತ್ತಾರೆ. ಒಂದು ಸುಮಾರು 400 ಹರ್ಟ್ಸ್, ಇನ್ನೊಂದು ಸುಮಾರು 500. ಎರಡೂ ಒಟ್ಟಿಗೆ ಮೊಳಗಿದಾಗ ಕಿವಿ ಅದನ್ನು ಗದ್ದಲದಿಂದ ಬೇರೆಯಾಗಿ ಹಿಡಿಯುತ್ತದೆ.

ಲೆಕ್ಕವೂ ಇದನ್ನೇ ಹೇಳುತ್ತದೆ. ಒಂದೇ ಥರದ ಹಾರ್ನಿಗೆ ಇನ್ನೊಂದು ಅಂಥದ್ದೇ ಸೇರಿಸಿದರೆ ಹೆಚ್ಚುವುದು ಬರೀ 3 ಡೆಸಿಬೆಲ್. ನಮ್ಮ ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಹೆಚ್ಚಬೇಕು. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಕಳೆದುಹೋಗುತ್ತದೆ. ಹಾಗಾಗಿ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನೋಡಿ ಕೊಳ್ಳಬೇಡಿ. ಎಷ್ಟು ದೂರದಿಂದ ಅಳೆದದ್ದು ಅಂತ ಬರೆಯದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ಹಳೆಯದರ ದನಿಗಿಂತ ಬೇರೆ ದನಿಯ, ಒಂದು ತಗ್ಗು ಒಂದು ಏರು ಇರುವ ಜೋಡಿ ಹಾರ್ನ್ ತನ್ನಿ. ರಾಗ ಬದಲಿಸುವ, ಹಾಡು ನುಡಿಸುವ ಹಾರ್ನ್ ಬೇಡವೇ ಬೇಡ. ಬಹಳ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಕೇಳಿದವರಿಗೆ ಎಚ್ಚರಿಕೆ ಅಂತ ತಕ್ಷಣ ಹೊಳೆಯುವುದಿಲ್ಲ. ನೀವು ಓಡಿಸುವ ಕಡೆ ಎಷ್ಟು ಜೋರಿಗೆ ಅನುಮತಿ ಇದೆ ಅನ್ನುವುದನ್ನೂ ಕೊಳ್ಳುವ ಮೊದಲೇ ನೋಡಿಕೊಳ್ಳಿ.

ತಟ್ಟೆ ಹಾರ್ನ್, ಶಂಖದ ಆಕಾರದ ಹಾರ್ನ್, ಕಂಪ್ರೆಸರ್ ಇರುವ ಏರ್ ಹಾರ್ನ್, ಮೂರರಲ್ಲಿ ಯಾವುದು? ಮೊದಲೆರಡು ಒಂದೊಂದೂ 3ರಿಂದ 5 ಆಂಪಿಯರ್ ಎಳೆಯುತ್ತವೆ, ಒತ್ತಿದ ಕ್ಷಣವೇ ಮೊಳಗುತ್ತವೆ. ಚಿಕ್ಕ ಏರ್ ಹಾರ್ನ್ ಒಂದೇ 18 ಆಂಪಿಯರ್ ಹತ್ತಿರ ಎಳೆಯುತ್ತದೆ, ದನಿ ನಿಜಕ್ಕೂ ದೊಡ್ಡದು. ಆದರೆ ಕಂಪ್ರೆಸರ್ ತಿರುಗಿ ಗಾಳಿ ತುಂಬುವವರೆಗೆ ಚೂರು ತಡ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ಅಂದರೆ ಸುಮಾರು 14 ಮೀಟರ್. ಅದಕ್ಕೇ ಏರ್ ಹಾರ್ನ್ ಹಾಕಿದರೂ ಹಳೆ ಹಾರ್ನ್ ತೆಗೆಯಬೇಡಿ. ಮೊದಲ ಕೂಗು ಅದರದ್ದು, ಬೆನ್ನಿಗೇ ದೊಡ್ಡದು ಬರುತ್ತದೆ. ನೀವು ಎರಡು ಹಾರ್ನ್ ಅಂದಿರುವುದರಿಂದ ನನ್ನ ಸಲಹೆ ಶಂಖದ ಜೋಡಿ. ಹೆದ್ದಾರಿ ಓಡಾಟವೇ ಜಾಸ್ತಿ ಅಂದರೆ ಏರ್ ಹಾರ್ನ್.

ಹಳೆ ಹಾರ್ನಿನ ವೈರಿಗೇ ಜೋಡಿಸಬಹುದಾ ಅಂದಿರಿ. ಬೇಡ. ಆ ವೈರು, ಆ ಬಟನ್, ಆ ಫ್ಯೂಸ್ ಎಲ್ಲ ಹಳೆ ಹಾರ್ನಿನ ಅಳತೆಗೆ ಮಾಡಿದವು. ಒಮ್ಮೆ ನನ್ನ ಹತ್ತಿರ ಬಂದ ಬೈಕಿನಲ್ಲಿ ಹಾರ್ನ್ ಒತ್ತಿದರೆ ಒಮ್ಮೆ ಕೂಗುತ್ತಿತ್ತು, ಒಮ್ಮೆ ಇಲ್ಲ. ಎಡ ಹಿಡಿಯ ಸ್ವಿಚ್ ಬಿಚ್ಚಿದೆ. ಒಳಗಿನ ಸಣ್ಣ ತಾಮ್ರದ ಬಿಂದು ಕಪ್ಪಾಗಿ ಗುಳಿ ಬಿದ್ದಿತ್ತು. ಪಕ್ಕದ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಯಾರೋ ಹಳೆ ವೈರಿಗೇ ಇನ್ನೆರಡು ಹಾರ್ನ್ ಸೇರಿಸಿದ್ದರು. ಹೊಸದಾಗಿ ಹಾಕಿದಾಗ ಚೆನ್ನಾಗಿಯೇ ಕೂಗಿರುತ್ತದೆ. ಬೇಕಾದ ದಿನ ಕೈ ಕೊಡುತ್ತದೆ.

ಇದಕ್ಕೆ ಪರಿಹಾರ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಬಟನ್ ರಿಲೇಯ ಕಾಯಿಲನ್ನು (ಒಳಗಿನ ತಂತಿಸುರುಳಿ) ಮಾತ್ರ ಎಬ್ಬಿಸುತ್ತದೆ, ಅದಕ್ಕೆ ಬೇಕಾಗುವುದು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ದೊಡ್ಡ ಕರೆಂಟು ಬ್ಯಾಟರಿಯಿಂದ ರಿಲೇಯ ದಪ್ಪ ಬಾಗಿಲು ದಾಟಿ ನೇರ ಹಾರ್ನಿಗೆ ಹೋಗುತ್ತದೆ. ರಿಲೇಯ ಕಾಲುಗಳ ಮೇಲೆ ನಂಬರ್ ಇರುತ್ತದೆ, ಅದು ಜರ್ಮನಿಯ ಡಿಐಎನ್ 72552 ಮಾನದಂಡದಿಂದ ಬಂದದ್ದು. 30 ಅಂದರೆ ಬ್ಯಾಟರಿ ಪಾಸಿಟಿವ್ ಬರುವ ಕಾಲು. 87 ಹಾರ್ನಿಗೆ ಹೋಗುವ ಕಾಲು. 85 ಮತ್ತು 86 ಕಾಯಿಲಿನ ಎರಡು ತುದಿ. ಐದು ಕಾಲಿನ ರಿಲೇ ಆದರೆ ನಡುವೆ 87ಎ ಅಂತ ಇರುತ್ತದೆ. ಅದನ್ನು ಖಾಲಿ ಬಿಡಿ. ಅದಕ್ಕೆ ಹಾರ್ನ್ ಸಿಕ್ಕಿಸಿದರೆ ಬ್ಯಾಟರಿ ಜೋಡಿಸಿದ ಕ್ಷಣದಿಂದ ಕೂಗಲು ಶುರು, ಬಟನ್ ಒತ್ತಿದರೆ ಮಾತ್ರ ನಿಲ್ಲುತ್ತದೆ.

ಬಹಳ ಜನ ತಡವರಿಸುವುದು ಒಂದು ಕಡೆ. ಕೆಲವು ಬೈಕುಗಳಲ್ಲಿ ಬಟನ್ ಪಾಸಿಟಿವ್ ಬದಿಯನ್ನು ಕೊಡುತ್ತದೆ, ಕೆಲವದರಲ್ಲಿ ಹಾರ್ನಿಗೆ ಪಾಸಿಟಿವ್ ಸದಾ ಇದ್ದು ಬಟನ್ ಅರ್ಥ್ (ನೆಗೆಟಿವ್) ಕೊಡುತ್ತದೆ. ನಿಮ್ಮದು ಯಾವುದು ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ. ಹಳೆ ಹಾರ್ನಿಗೆ ಎರಡು ವೈರ್ ಬಂದಿದ್ದರೆ, ಆ ಎರಡರಿಂದಲೂ ಒಂದೊಂದು ಕವಲು ತೆಗೆದು 85ಕ್ಕೆ ಒಂದು, 86ಕ್ಕೆ ಒಂದು ಕೊಡಿ. ಹಳೆ ಹಾರ್ನಿಗೆ ಯಾವಾಗ ಕರೆಂಟು ಬರುತ್ತದೋ ಆಗ ರಿಲೇಯೂ ಎದ್ದೇಳುತ್ತದೆ. ಬಟನ್ ಯಾವ ಬದಿಯಲ್ಲಿದ್ದರೂ ನಡೆಯುತ್ತದೆ. ರಿಲೇಯೊಳಗೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಇದ್ದರೆ ಮಾತ್ರ ಪ್ಲಸ್ ಮೈನಸ್ ನೋಡಿ ಕೊಡಬೇಕು, ಅದರ ಚಿತ್ರ ರಿಲೇಯ ಮೈಮೇಲೆಯೇ ಇರುತ್ತದೆ. ಹಾರ್ನನ್ನೂ ಕಂಪ್ಯೂಟರ್ ಮೂಲಕ ಆಡಿಸುವ, ಕ್ಯಾನ್ ಬಸ್ (ಭಾಗಗಳು ಪರಸ್ಪರ ಸಂದೇಶ ಕಳಿಸುವ ವೈರಿನ ಜಾಲ) ಇರುವ ಹೊಸ ಬೈಕುಗಳಲ್ಲಿ ಹಳೆ ಹಾರ್ನ್ ಕಿತ್ತರೆ ದೋಷದ ದೀಪ ಹತ್ತಬಹುದು. ಹಳೆಯದನ್ನು ಉಳಿಸಿ ಅಂದದ್ದಕ್ಕೆ ಅದೂ ಒಂದು ಕಾರಣ.

ವೈರಿನ ದಪ್ಪದಲ್ಲಿ ಜಿಪುಣತನ ಬೇಡ. ಬ್ಯಾಟರಿಯಿಂದ ಹೋಗಿ ವಾಪಸ್ ಬರುವ ದಾರಿ ಒಟ್ಟು 3 ಮೀಟರ್ ಅಂತಿಟ್ಟುಕೊಳ್ಳಿ. 18 ಆಂಪಿಯರ್ ಹರಿಯುವಾಗ 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಸುಮಾರು 0.4 ವೋಲ್ಟ್ ಕಳೆಯುತ್ತದೆ. 0.75ರ ವೈರಿನಲ್ಲಿ ಸುಮಾರು 1.3 ವೋಲ್ಟ್ ಕಳೆಯುತ್ತದೆ, ವೈರೂ ಬಿಸಿಯಾಗುತ್ತದೆ. ದಪ್ಪದ್ದು ದೊಡ್ಡ ದಾರಿಗೆ, ತೆಳುವಾದದ್ದು 85 ಮತ್ತು 86ಕ್ಕೆ. ಫ್ಯೂಸ್ ಬ್ಯಾಟರಿಯ ಪಾಸಿಟಿವ್ ತುದಿಗೆ ಗೇಣುದ್ದದೊಳಗೆ ಇರಬೇಕು. ಫ್ಯೂಸ್ ಕಾಯುವುದು ತನ್ನ ಮುಂದಿನ ವೈರನ್ನು ಮಾತ್ರ. ಹಾರ್ನ್ ಹತ್ತಿರ ಹಾಕಿದರೆ ನಡುವೆ ಎಲ್ಲೋ ವೈರ್ ಉಜ್ಜಿ ಫ್ರೇಮಿಗೆ ತಾಗಿದಾಗ ಅದು ಕೆಲಸಕ್ಕೆ ಬರುವುದಿಲ್ಲ. ಎರಡು ಶಂಖದ ಹಾರ್ನಿಗೆ 15 ಆಂಪಿಯರ್, ಏರ್ ಹಾರ್ನಿಗೆ 20. ಅರ್ಥ್ ವೈರನ್ನೂ ಬ್ಯಾಟರಿಯ ನೆಗೆಟಿವ್‌ವರೆಗೆ ಎಳೆಯಿರಿ. ಪೇಂಟ್ ಆದ ಬ್ರಾಕೆಟ್ಟಿನ ಬೋಲ್ಟಿಗೆ ಸುತ್ತಿದ ಅರ್ಥ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ. ತುದಿಗಳಿಗೆ ಸರಿಯಾದ ಲಗ್ (ಲೋಹದ ತುದಿ) ಹಾಕಿ ಕ್ರಿಂಪ್ ಮಾಡಿ, ಅಂದರೆ ಇಕ್ಕಳದಿಂದ ಒತ್ತಿ ಬಿಗಿಯಿರಿ, ಮೇಲೆ ಕಾಯಿಸಿದರೆ ಕುಗ್ಗಿ ಹಿಡಿಯುವ, ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬೆಸುಗೆ ಹಾಕಿದ ಜಾಗದಲ್ಲಿ ವೈರ್ ಬಿರುಸಾಗುತ್ತದೆ, ಬೈಕಿನ ನಡುಕಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ರಿಲೇಯನ್ನು ಕಾಲು ಕೆಳಗಾಗಿ ನಿಲ್ಲಿಸಿ, ನೀರು ಒಳಗೆ ನಿಲ್ಲುವುದಿಲ್ಲ.

ಹಾರ್ನ್ ಕೂರಿಸುವ ಜಾಗಕ್ಕೆ ಎಂಜಿನ್ ಗಾರ್ಡಿನ ಒಳಬದಿ ನನಗೆ ಇಷ್ಟ. ಬಾಯಿ ಮುಂದಕ್ಕೆ, ಚೂರು ಕೆಳಕ್ಕೆ ಇರಲಿ. ನೀರು ಒಳಗೆ ನಿಲ್ಲಬಾರದು. ರೇಡಿಯೇಟರಿಗೆ ಗಾಳಿ ಹೋಗುವ ದಾರಿಗೆ ಅಡ್ಡ ಬೇಡ. ಏರ್ ಹಾರ್ನ್ ಆದರೆ ಕಂಪ್ರೆಸರ್ ನೆಟ್ಟಗೆ ನಿಲ್ಲಬೇಕು. ಹಾರ್ನ್ ಜೊತೆ ಬರುವ ಪದರ ಪದರದ ಉಕ್ಕಿನ ಪಟ್ಟಿಯನ್ನು ಎಸೆದು ದಪ್ಪ ಬ್ರಾಕೆಟ್ ಹಾಕುವವರನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ. ಆ ಪಟ್ಟಿ ಸ್ಪ್ರಿಂಗಿನ ಹಾಗೆ, ಹಾರ್ನ್ ಸಲೀಸಾಗಿ ಅದುರಲು ಅದು ಬೇಕು. ಗಟ್ಟಿಯಾಗಿ ಕಟ್ಟಿದರೆ, ಇಲ್ಲವೇ ಹಾರ್ನಿನ ಮೈ ಪಕ್ಕದ ಕಬ್ಬಿಣಕ್ಕೆ ತಾಗಿದರೆ, ದನಿ ಒಡೆದ ಮಡಕೆಯ ಹಾಗಾಗುತ್ತದೆ. 2006ರಿಂದ ಗೋಲ್ಡ್‌ವಿಂಗಿನಲ್ಲಿ ಏರ್‌ಬ್ಯಾಗ್ ಇರುವ ಮಾದರಿಯೂ ಬಂದಿದೆ. ನಿಮ್ಮದು ಅದಾಗಿದ್ದರೆ ಮುಂದಿನ ಫೋರ್ಕಿಗೆ (ಮುಂದಿನ ಚಕ್ರ ಹಿಡಿದ ಜೋಡಿ ಕಾಲು) ಏನನ್ನೂ ಕಟ್ಟಬೇಡಿ. ಡಿಕ್ಕಿಯನ್ನು ಗುರುತಿಸುವ ಸೆನ್ಸರುಗಳು ಅಲ್ಲೇ ಇವೆ.

ನೀವು ಎರಡು ಕೆಲಸವನ್ನೂ ಒಟ್ಟಿಗೆ ಮಾಡುವವರಾದ್ದರಿಂದ ಇದನ್ನು ಗಮನವಿಟ್ಟು ಓದಿ. ಬೈಕು ಲಿಫ್ಟ್ ಮೇಲಿದ್ದಾಗ ಮುಂದಿನ ಚಕ್ರ ನೇತಾಡುತ್ತದೆ, ಫೋರ್ಕ್ ಪೂರ್ತಿ ಉದ್ದಕ್ಕೆ ಚಾಚಿರುತ್ತದೆ. ಮಡ್‌ಗಾರ್ಡ್ ಕೆಳಗಿರುತ್ತದೆ. ಆಗ ಹಾರ್ನಿಗೆ ಬೇಕಾದಷ್ಟು ಜಾಗ ಇದ್ದ ಹಾಗೆ ಕಾಣುತ್ತದೆ. ಬೈಕು ನೆಲಕ್ಕೆ ಬಂದು, ಬ್ರೇಕ್ ಹಿಡಿದು, ಒಂದು ಗುಂಡಿಗೆ ಬಿದ್ದಾಗ ಫೋರ್ಕ್ ಒಳಗೆ ಹೋಗುತ್ತದೆ, ಮಡ್‌ಗಾರ್ಡ್ ಮೇಲೇರಿ ಬರುತ್ತದೆ. ಲಿಫ್ಟ್ ಮೇಲೆ ಮೂರು ಬೆರಳು ಜಾಗ ಬಿಟ್ಟು ಹಾಕಿದ ಹಾರ್ನ್ ಮೊದಲ ದಿನವೇ ಮಡ್‌ಗಾರ್ಡಿನ ಬಣ್ಣ ಕೆರೆದದ್ದನ್ನು ನಾನು ನೋಡಿದ್ದೇನೆ. ಟೈರಿಗೇ ಸಿಕ್ಕಿದ್ದರೆ ಏನಾಗುತ್ತಿತ್ತು ಯೋಚಿಸಿ. ಆದ್ದರಿಂದ ಹಾರ್ನನ್ನು ಮೊದಲು ಕೈಬಿಗಿಯಲ್ಲಿ ಮಾತ್ರ ಕೂರಿಸಿ. ಬೈಕು ಇಳಿಸಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮೇಲೆ ಪೂರ್ತಿ ಭಾರ ಹಾಕಿ ಒತ್ತಿ, ಇನ್ನೊಬ್ಬರು ಪಕ್ಕದಿಂದ ಅಂತರ ನೋಡಲಿ. ಕೈಯಿಂದ ಒತ್ತಿದಷ್ಟಕ್ಕೇ ಫೋರ್ಕ್ ಕೊನೆ ಮುಟ್ಟುವುದಿಲ್ಲ, ಮ್ಯಾನುವಲ್ಲಿನಲ್ಲಿರುವ ಪೂರ್ತಿ ಓಟದ ಅಳತೆ ನೋಡಿ ಉಳಿದದ್ದನ್ನು ಲೆಕ್ಕ ಹಾಕಿ. ಹ್ಯಾಂಡಲನ್ನು ಎಡದ ಕೊನೆಗೆ, ಬಲದ ಕೊನೆಗೆ ತಿರುಗಿಸಿ ನೋಡಿ. ಎಲ್ಲೂ ತಾಗದಿದ್ದರೆ ಆಮೇಲೆ ಬಿಗಿಯಿರಿ.

ವೈರಿಂಗ್ ಶುರು ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚುವುದು, ಫ್ಯೂಸನ್ನು ಎಲ್ಲಕ್ಕಿಂತ ಕೊನೆಗೆ ಸಿಕ್ಕಿಸುವುದು, ಇದು ನಿಮಗೆ ಗೊತ್ತೇ ಇರುತ್ತದೆ. ಪರೀಕ್ಷೆಗೆ ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಳ್ಳಿ, ಹತ್ತಿರದಿಂದ ಈ ದನಿ ಕಿವಿಗೆ ನಿಜವಾಗಿ ಪೆಟ್ಟು ಕೊಡುತ್ತದೆ. ಎಂಜಿನ್ ಓಡುತ್ತಿರಲಿ. ಒಬ್ಬರು ಹಾರ್ನ್ ಒತ್ತಿ ಹಿಡಿದಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಹಾರ್ನಿನ ಎರಡು ಕಾಲಿನ ನಡುವೆ ಎಷ್ಟು ವೋಲ್ಟ್ ನೋಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯಾವುದೋ ಕ್ರಿಂಪ್ ಸಡಿಲ, ಇಲ್ಲವೇ ಅರ್ಥ್ ಸರಿ ಇಲ್ಲ. ರಿಲೇ ಟಕಟಕ ಅಂತ ಒದ್ದಾಡಿದರೆ 85 ಮತ್ತು 86ಕ್ಕೆ ಬರುವ ಕವಲನ್ನು ನೋಡಿ. ಏರ್ ಹಾರ್ನನ್ನು ಒಂದೇ ಸಮನೆ ಕೆಲವು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಅದರ ಮೋಟರ್ ಅಷ್ಟು ಹೊತ್ತಿಗೆ ಮಾಡಿದ್ದಲ್ಲ. 500 ಕಿಲೋಮೀಟರ್ ಓಡಿಸಿದ ಮೇಲೆ ಹಾರ್ನಿನ ಬೋಲ್ಟುಗಳನ್ನು ಇನ್ನೊಮ್ಮೆ ಪಾನಾ ಹಾಕಿ ನೋಡಿ.

ಕೊನೆಗೆ ಬೇರೆ ಬಟನ್ ಪ್ರಶ್ನೆ. ಊರೊಳಗೆ ಮೆಲ್ಲನೆ, ಹೆದ್ದಾರಿಯಲ್ಲಿ ಜೋರಾಗಿ ಅಂತ ಎರಡು ಬಟನ್ ಹಾಕಿಸುವವರು ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಲಾರಿ ವಾಲಿಕೊಂಡು ಬಂದ ಆ ಕ್ಷಣವನ್ನು ನೆನಪಿಸಿಕೊಳ್ಳಿ. ನಿಮ್ಮ ಹೆಬ್ಬೆರಳು ಯೋಚಿಸದೆ ಎಲ್ಲಿಗೆ ಹೋಯಿತು? ವರ್ಷಗಳಿಂದ ಹೋಗುವ ಆ ಹಳೆ ಬಟನ್ನಿಗೇ ಅಲ್ವಾ? ಹೊಸ ಹಾರ್ನಿನ ರಿಲೇಯನ್ನೂ ಅಲ್ಲಿಂದಲೇ ಎಬ್ಬಿಸಿ. ಊರೊಳಗೆ ಮೆಲ್ಲನೆಯ ದನಿ ಸಾಕು ಅನ್ನಿಸಿದರೆ ರಿಲೇಯ 86ರ ದಾರಿಯಲ್ಲಿ ಒಂದು ಸಣ್ಣ ಆನ್ ಆಫ್ ಸ್ವಿಚ್ ಇಡಿ. ಊರು ದಾಟಿದ ಕೂಡಲೇ ಅದನ್ನು ಆನ್ ಮಾಡಿಕೊಳ್ಳಿ. ಒತ್ತುವ ಬಟನ್ ಮಾತ್ರ ಒಂದೇ ಇರಲಿ.